ಬಿತ್ತುವಟ್ಟದಿಂದ ಬ್ಯಾಂಕ್ ಖಾತೆಯವರೆಗೆ: ತೊಗರ್ಸಿ ಪರಿಸರದ ಕೃಷಿಗೆ ಪ್ರಭುತ್ವದ ನೆರವು

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿಗೆ ಸೇರಿದ ತೊಗರ್ಸಿ, ಸೊರಬ ತಾಲ್ಲೂಕಿನ ನೆರೆಯಲ್ಲಿರುವ, ಮಲ್ಲಿಕಾರ್ಜುನ ದೇವಾಲಯದಿಂದ ಪರಿಚಿತವಾದ ಹಳೆಯ ಗ್ರಾಮ. ಪಶ್ಚಿಮದ ದಟ್ಟ ಮಲೆನಾಡು ಮುಗಿದು ಪೂರ್ವದ ಬಯಲುಸೀಮೆ ಆರಂಭವಾಗುವ ಈ ಅರೆಮಲೆನಾಡಿನಲ್ಲಿ ಮಳೆಯ ಪ್ರಮಾಣ ಪಶ್ಚಿಮದಿಂದ ಪೂರ್ವಕ್ಕೆ ಸಾಗಿದಂತೆ ಕಡಿಮೆಯಾಗುತ್ತದೆ. ಮಳೆಗಾಲದ ನೀರನ್ನು ತಡೆದು ನಿಲ್ಲಿಸದೆ ಇಲ್ಲಿ ಭತ್ತದ ಬೆಳೆಯನ್ನು ನೆಚ್ಚಿಕೊಳ್ಳುವುದು ಕಷ್ಟ. ಅಡಿಕೆ ತೋಟವನ್ನು ಬೇಸಗೆಯಲ್ಲಿ ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಹೀಗಾಗಿ ಕುಮುದ್ವತಿ, ದಂಡಾವತಿ, ವರದಾ ನದಿಗಳ ಜಲಾನಯನದಲ್ಲಿ ನೂರಾರು ಕೆರೆಗಳು ನಿರ್ಮಾಣಗೊಂಡವು. ಕೃಷಿಗೆ ಪ್ರಭುತ್ವವು ನೀಡುತ್ತ ಬಂದ ನೆರವಿನ ಚರಿತ್ರೆಯೂ ಈ ಕೆರೆಗಳಿಂದಲೇ ಆರಂಭವಾಗುತ್ತದೆ.

ಸಹಾಯಧನ, ಪ್ರೋತ್ಸಾಹಧನ, ಬಡ್ಡಿರಹಿತ ಸಾಲ, ಬೆಳೆ ವಿಮೆ ಮುಂತಾದವನ್ನು ಸ್ವಾತಂತ್ರ್ಯೋತ್ತರ ಕಾಲದ ಯೋಜನೆಗಳೆಂದು ಭಾವಿಸುವುದು ವಾಡಿಕೆ. ಆದರೆ ಇವುಗಳ ಹಿಂದಿರುವ ಪ್ರಶ್ನೆ ಬಹಳ ಹಳೆಯದು. ಪ್ರಭುತ್ವವು ಯಾವುದನ್ನು ಗುರುತಿಸಿ ನೆರವು ಕೊಡುತ್ತದೆ? ಕೆರೆಯನ್ನೇ, ಉಳುವವನನ್ನೇ, ಭೂಮಿಯ ದಾಖಲೆಯನ್ನೇ? ಈ ಗುರುತು ಬದಲಾದಂತೆ ನೆರವಿನ ವ್ಯಾಪ್ತಿಯೂ ಬದಲಾಗಿದೆ; ಪ್ರತಿ ಬದಲಾವಣೆಯಲ್ಲಿಯೂ ಕೆಲವರು ಒಳಗೆ ಬಂದಿದ್ದಾರೆ, ಕೆಲವರು ಹೊರಗುಳಿದಿದ್ದಾರೆ. ತೊಗರ್ಸಿ ಪರಿಸರವನ್ನು ಕೇಂದ್ರವಾಗಿಟ್ಟುಕೊಂಡು ಈ ಬದಲಾವಣೆಯ ಹಂತಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೆರೆಗೆ ಕೊಟ್ಟ ಭೂಮಿ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿರುವ ಸ್ತಂಭಶಾಸನ ಕದಂಬರ ಚರಿತ್ರೆಗೆ ಮುಖ್ಯ ಆಕರ. ಕವಿ ಕುಬ್ಜನು ರಚಿಸಿದ, ಶಾಂತಿವರ್ಮನ ಕಾಲದ ಈ ಸಂಸ್ಕೃತ ಶಾಸನವು ಐದನೆಯ ಶತಮಾನದ್ದು. ರಾಜವಂಶದ ಹುಟ್ಟನ್ನು ವಿವರಿಸುವ ಈ ಶಾಸನದ ನೇರ ಸಂದರ್ಭ ಮಾತ್ರ ಕಾಕುಸ್ಥವರ್ಮನು ಅಲ್ಲಿಯ ಶಿವಾಲಯದ ಬಳಿ ಮಾಡಿಸಿದ ಕೆರೆ. ಕೆರೆಯ ನಿರ್ಮಾಣವು ರಾಜನ ಕೀರ್ತಿಗೆ ತಕ್ಕ ಕಾರ್ಯವೆಂದು ಆ ಕಾಲದಲ್ಲಿಯೇ ಪರಿಗಣಿತವಾಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮುಂದೆ ಬನವಾಸಿ ಹನ್ನೆರಡು ಸಾವಿರದ ಆಡಳಿತದಲ್ಲಿ ನಾಗರಖಂಡ ಎಪ್ಪತ್ತು, ಜಿಡ್ಡುಳಿಗೆ ಎಪ್ಪತ್ತು ಮೊದಲಾದ ನಾಡುಗಳು ಈ ಪ್ರದೇಶದಲ್ಲಿದ್ದವು. ಇಲ್ಲಿಯ ಶಾಸನಗಳು ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳಲ್ಲಿ ಪ್ರಕಟವಾಗಿವೆ. ಶಿಕಾರಿಪುರ ತಾಲ್ಲೂಕಿನವು 1902ರ ಸಂಪುಟದಲ್ಲಿಯೂ ಸೊರಬದವು 1904ರ ಸಂಪುಟದಲ್ಲಿಯೂ ಸೇರಿವೆ. ಕರ್ನಾಟಕದ ಶಾಸನಗಳಲ್ಲಿ ಕೆರೆಗೆ ಸಂಬಂಧಿಸಿದ ದತ್ತಿಗಳನ್ನು ಸೂಚಿಸುವ ಬಿತ್ತುವಟ್ಟ, ಕಟ್ಟುಗೊಡಗೆ, ದಸವಂದ ಎಂಬ ಪದಗಳು ದೊರೆಯುತ್ತವೆ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ದುರಸ್ತಿ ಮಾಡಿಸಿದವನಿಗೆ ಅದರ ಕೆಳಗಿನ ಗದ್ದೆಯಲ್ಲಿ ಅಥವಾ ಗದ್ದೆಯ ಉತ್ಪನ್ನದಲ್ಲಿ ಒಂದು ಪಾಲನ್ನು ತೆರಿಗೆಯ ಹೊರೆಯಿಲ್ಲದೆ ಅಥವಾ ಕಡಿಮೆ ತೆರಿಗೆಗೆ ಬಿಟ್ಟುಕೊಡುವುದು ಈ ದತ್ತಿಗಳ ಸಾಮಾನ್ಯ ಲಕ್ಷಣ.

ಈ ವ್ಯವಸ್ಥೆಯಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದಾಗಿ, ಪ್ರಭುತ್ವವು ಬೊಕ್ಕಸದಿಂದ ಹಣವನ್ನು ಕೊಡುತ್ತಿರಲಿಲ್ಲ. ತನಗೆ ಬರಬೇಕಾದ ತೆರಿಗೆಯನ್ನು ಬಿಟ್ಟುಕೊಡುತ್ತಿತ್ತು. ಎರಡನೆಯದಾಗಿ, ಆ ರಿಯಾಯಿತಿ ಒಂದು ಕೆಲಸಕ್ಕೆ ಕಟ್ಟುಬಿದ್ದಿತ್ತು. ಏರಿ, ತೂಬು, ಕೋಡಿಗಳು ಸುಸ್ಥಿತಿಯಲ್ಲಿದ್ದರೆ ಮಾತ್ರ ಕೊಡಗೆಯ ಗದ್ದೆಯಲ್ಲಿಯೂ ಬೆಳೆ ಬರುತ್ತಿತ್ತು. ಆದ್ದರಿಂದ ನೆರವು ಪಡೆದವನ ಹಿತವೂ ಊರಿನ ಹಿತವೂ ಬೇರೆಬೇರೆಯಾಗಿರಲಿಲ್ಲ. ನೀರನ್ನು ಹಂಚುವ ನೀರುಗಂಟಿಗೂ ಸೇವೆಗೆ ಪ್ರತಿಯಾಗಿ ಭೂಮಿ ಅಥವಾ ಧಾನ್ಯದ ಪಾಲು ಸಲ್ಲುತ್ತಿತ್ತು. ಆದರೆ ಈ ವ್ಯವಸ್ಥೆಯನ್ನು ಆದರ್ಶವೆಂದು ಭಾವಿಸಬೇಕಾಗಿಲ್ಲ. ದತ್ತಿಯನ್ನು ಪಡೆಯುತ್ತಿದ್ದವರು ಬಹುಮಟ್ಟಿಗೆ ಗಾವುಂಡರು, ಮಹಾಜನರು, ದೇವಾಲಯಗಳು. ಗದ್ದೆಯಲ್ಲಿ ದುಡಿಯುತ್ತಿದ್ದವರ ಹೆಸರು ಈ ಶಾಸನಗಳಲ್ಲಿ ಅಪರೂಪ.

ಉಳುವವನಿಗೆ ಕೊಟ್ಟ ಮುಂಗಡ

ಕೆಳದಿ ಅರಸರ ಕಾಲದಲ್ಲಿ ಶಿವಪ್ಪನಾಯಕನು (1645–1660) ಜಾರಿಗೆ ತಂದ ‘ಶಿಸ್ತು’ ಭೂಕಂದಾಯದ ಇತಿಹಾಸದಲ್ಲಿ ಪ್ರಸಿದ್ಧವಾದುದು. ವಿವಿಧ ಬಗೆಯ ಭೂಮಿಯನ್ನು ಹನ್ನೆರಡು ವರ್ಷಗಳ ಕಾಲ ತನ್ನ ವತಿಯಿಂದಲೇ ಸಾಗುವಳಿ ಮಾಡಿಸಿ, ಬೀಜ, ಖರ್ಚು ಮತ್ತು ಇಳುವರಿಗಳ ಲೆಕ್ಕವಿರಿಸಿ, ಅನಂತರ ಉತ್ಪನ್ನದ ಮೂರನೆಯ ಒಂದು ಭಾಗವನ್ನು ಕಂದಾಯವಾಗಿ ನಿಗದಿಗೊಳಿಸಿದನೆಂದು ಹೇಳಲಾಗಿದೆ. ಇದು ನೆರವಲ್ಲವಾದರೂ ಸಾಗುವಳಿಯ ವೆಚ್ಚವನ್ನು ಪ್ರಭುತ್ವವು ಲೆಕ್ಕಕ್ಕೆ ತೆಗೆದುಕೊಂಡ ಮಹತ್ವದ ನಿದರ್ಶನ.

1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದ ಮೇಲೆ ಈ ಸೀಮೆ ಮೈಸೂರಿನ ಆಡಳಿತಕ್ಕೆ ಒಳಪಟ್ಟಿತು. ಟಿಪ್ಪು ಸುಲ್ತಾನನ ಕಂದಾಯ ನಿಯಮಾವಳಿಯಲ್ಲಿ ನೇಗಿಲು, ಎತ್ತುಗಳಿಲ್ಲದ ಬಡ ರೈತರಿಗೆ ತಕ್ಕಾವಿ ಕೊಡಬೇಕೆಂಬ ಸೂಚನೆಯಿದೆ. ಬಲಪಡಿಸುವುದು ಎಂಬ ಅರ್ಥದ ಅರಬ್ಬಿ ಮೂಲದಿಂದ ಬಂದ ಈ ಪದ, ಬೀಜ, ಎತ್ತು, ಬಾವಿ ಮುಂತಾದುವಕ್ಕೆ ಸರ್ಕಾರ ಕೊಡುವ ಮುಂಗಡ ಸಾಲವನ್ನು ಸೂಚಿಸುತ್ತದೆ. ಕೆರೆಗಿಂತ ಭಿನ್ನವಾಗಿ ಇಲ್ಲಿ ಬೇಸಾಯ ಮಾಡುವ ವ್ಯಕ್ತಿಯೇ ನೆರವಿನ ಗುರಿಯಾದನು. ಆದರೆ ಕೊಟ್ಟದ್ದನ್ನು ಬೆಳೆ ಬಂದ ಮೇಲೆ ವಸೂಲು ಮಾಡಲಾಗುತ್ತಿತ್ತು. ಬೀಳುಬಿದ್ದ ಭೂಮಿಯಿಂದ ಕಂದಾಯ ಬರುವಂತೆ ಮಾಡುವುದೂ ಇದರ ಉದ್ದೇಶವಾಗಿತ್ತು.

1876–78ರ ಭೀಕರ ಕ್ಷಾಮದ ಅನಂತರ ನೇಮಕಗೊಂಡ ಕ್ಷಾಮ ಆಯೋಗದ 1880ರ ವರದಿಯ ಬಳಿಕ ಬ್ರಿಟಿಷ್ ಇಂಡಿಯಾದಲ್ಲಿ 1883ರ ಭೂ ಅಭಿವೃದ್ಧಿ ಸಾಲಗಳ ಕಾಯ್ದೆಯೂ 1884ರ ಕೃಷಿಕರ ಸಾಲಗಳ ಕಾಯ್ದೆಯೂ ಬಂದವು. ಮೈಸೂರು ಸಂಸ್ಥಾನವೂ ಇದೇ ಹಾದಿಯಲ್ಲಿ ಪ್ರಯೋಗಗಳನ್ನು ನಡೆಸಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಆರಂಭವಾದ ಕೃಷಿ ಬ್ಯಾಂಕುಗಳು ಹೆಚ್ಚು ಕಾಲ ಬಾಳಲಿಲ್ಲ. 1905ರ ಸಹಕಾರ ಸಂಘಗಳ ರೆಗ್ಯುಲೇಷನ್ ಮೂಲಕ ಸಂಸ್ಥಾನದಲ್ಲಿ ಸಹಕಾರಿ ಸಾಲ ವ್ಯವಸ್ಥೆ ಬೇರೂರಿತು. ಅದೇ ವರ್ಷ ಮುಂಬಯಿ ಪ್ರಾಂತ್ಯದಲ್ಲಿದ್ದ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಸ್ಥಾಪಿಸಿದರು. 1911ರ ಕೆರೆ ಪಂಚಾಯಿತಿ ರೆಗ್ಯುಲೇಷನ್ ಕೆರೆಗಳ ಪಾಲನೆಯನ್ನು ಗ್ರಾಮಸ್ಥರ ಸಮಿತಿಗೆ ಒಪ್ಪಿಸಲು ಮಾಡಿದ ಯತ್ನ. ಮಲೆನಾಡಿನ ಅಡಿಕೆಯ ಕೊಳೆರೋಗದ ಬಗ್ಗೆ ಸಂಶೋಧನೆ ನಡೆಸಿ ಬೋರ್ಡೋ ದ್ರಾವಣದ ಸಿಂಪರಣೆಯನ್ನು ಪ್ರಚುರಪಡಿಸಿದ ಲೆಸ್ಲಿ ಕೋಲ್ಮನ್ ಅವರ ಕಾರ್ಯವೂ ಈ ಕಾಲಕ್ಕೆ ಸೇರಿದ್ದು. ಹಣ ಮಾತ್ರವಲ್ಲದೆ ತಿಳಿವಳಿಕೆಯೂ ಸರ್ಕಾರದ ನೆರವಿನ ಒಂದು ರೂಪವೆಂಬುದಕ್ಕೆ ಇದು ಉದಾಹರಣೆ.

ಪಹಣಿಗೆ ಸಲ್ಲುವ ನೆರವು

ಸ್ವಾತಂತ್ರ್ಯಾನಂತರ ಭೂಮಿಯ ಒಡೆತನದ ಪ್ರಶ್ನೆ ಮುನ್ನೆಲೆಗೆ ಬಂದಿತು. ಸೊರಬಕ್ಕೆ ಹೊಂದಿಕೊಂಡ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ನಡೆಸಿದ ಸತ್ಯಾಗ್ರಹದ ಪ್ರಭಾವ ಇಡೀ ಮಲೆನಾಡಿನ ಮೇಲಾಯಿತು. ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿದಾರರು ನಮೂನೆ 7ರಲ್ಲಿ ಭೂನ್ಯಾಯ ಮಂಡಳಿಗೆ ಅರ್ಜಿ ಸಲ್ಲಿಸಿ ಅಧಿಭೋಗದ ಹಕ್ಕನ್ನು ಪಡೆಯುವಂತಾಯಿತು. ಶಾಸನಗಳಲ್ಲಿ ಹೆಸರಿಲ್ಲದಿದ್ದವರ ವಂಶಜರು ಪಹಣಿಯಲ್ಲಿ ಹೆಸರು ಪಡೆದರು. ಈ ಪ್ರದೇಶದ ಕೃಷಿ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ನೆರವು ಇನ್ನೊಂದಿಲ್ಲವೆಂದರೆ ಅತಿಶಯೋಕ್ತಿಯಾಗದು.

ಪಹಣಿಯು ಒಡೆತನದ ಸಾಕ್ಷಿಯಾದಂತೆ ಸರ್ಕಾರಿ ಯೋಜನೆಗಳ ಹೆಬ್ಬಾಗಿಲೂ ಆಯಿತು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತಗೊಂಡವು. ಅನಂತರ ಬಂದ ‘ಫ್ರೂಟ್ಸ್’ ತಂತ್ರಾಂಶವು ರೈತನ ಆಧಾರ್, ಪಹಣಿ ಮತ್ತು ಬ್ಯಾಂಕ್ ಖಾತೆಗಳನ್ನು ಒಂದೇ ಗುರುತಿನ ಸಂಖ್ಯೆಗೆ ಜೋಡಿಸಿತು. ಇದರಿಂದ ಮಧ್ಯವರ್ತಿಗಳ ಹಸ್ತಕ್ಷೇಪಕ್ಕೆ ಅವಕಾಶ ಕಡಿಮೆಯಾಯಿತು.

ಯೋಜನೆಗಳನ್ನು ಸ್ವರೂಪದ ದೃಷ್ಟಿಯಿಂದ ನಾಲ್ಕಾಗಿ ವಿಂಗಡಿಸಬಹುದು. ಮೊದಲನೆಯದು ನೇರ ಹಣ. ಕೇಂದ್ರ ಸರ್ಕಾರವು 2019ರಲ್ಲಿ ಪ್ರಕಟಿಸಿದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯಡಿ ಭೂಹಿಡುವಳಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ನೀಡಲಾಗುತ್ತದೆ. ರಾಜ್ಯ ಸರ್ಕಾರವು 2019ರಿಂದ ಇದಕ್ಕೆ 4,000 ರೂಪಾಯಿಗಳನ್ನು ಸೇರಿಸುತ್ತಿತ್ತು. 2023ರಲ್ಲಿ ಈ ಹೆಚ್ಚುವರಿ ನೆರವು ನಿಂತಿತು. ಎರಡನೆಯದು ಆಸ್ತಿ ನಿರ್ಮಾಣಕ್ಕೆ ಸಹಾಯಧನ. 2014–15ರಲ್ಲಿ ಆರಂಭವಾದ ಕೃಷಿ ಭಾಗ್ಯದಲ್ಲಿ ಕೃಷಿ ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇಕಡ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇಕಡ 90 ಸಹಾಯಧನವಿತ್ತು. ಗಂಗಾ ಕಲ್ಯಾಣ ಯೋಜನೆ ಪರಿಶಿಷ್ಟ ಹಾಗೂ ಹಿಂದುಳಿದ ವರ್ಗಗಳ ಸಣ್ಣ ಹಿಡುವಳಿದಾರರಿಗೆ ಕೊಳವೆಬಾವಿ ಒದಗಿಸಲು ರೂಪುಗೊಂಡದ್ದು. ಮೂರನೆಯದು ಸಾಲ. ಸಹಕಾರ ಸಂಘಗಳ ಮೂಲಕ ನೀಡುವ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿಯನ್ನು 2023–24ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ನಾಲ್ಕನೆಯದು ವಿಮೆ. 2016ರ ಮುಂಗಾರಿನಿಂದ ಜಾರಿಗೆ ಬಂದ ಫಸಲ್ ಬಿಮಾ ಯೋಜನೆಯಲ್ಲಿ ರೈತನು ವಿಮಾ ಮೊತ್ತದ ಗರಿಷ್ಠ ಶೇಕಡ 2ನ್ನು ಮುಂಗಾರು ಬೆಳೆಗೆ, ಶೇಕಡ 1.5ನ್ನು ಹಿಂಗಾರು ಬೆಳೆಗೆ, ಶೇಕಡ 5ನ್ನು ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಕಂತಾಗಿ ತುಂಬಬೇಕು; ಉಳಿದ ಕಂತನ್ನು ಸರ್ಕಾರಗಳು ಭರಿಸುತ್ತವೆ. ಶಿಕಾರಿಪುರ ಕ್ಷೇತ್ರದಿಂದ ಆಯ್ಕೆಯಾಗಿ ಮುಖ್ಯಮಂತ್ರಿಯಾಗಿದ್ದ ಬಿ.ಎಸ್. ಯಡಿಯೂರಪ್ಪನವರು 2011ರ ಫೆಬ್ರವರಿಯಲ್ಲಿ ಪ್ರತ್ಯೇಕ ಕೃಷಿ ಆಯವ್ಯಯವನ್ನು ಮಂಡಿಸಿದ್ದೂ ಈ ಬೆಳವಣಿಗೆಯ ಒಂದು ಘಟ್ಟ.

ಹೊರಗುಳಿದವರು

ಪಹಣಿಯೇ ಅರ್ಹತೆಯ ಮೂಲವಾದಾಗ ಪಹಣಿಯಲ್ಲಿ ಹೆಸರಿಲ್ಲದ ಸಾಗುವಳಿದಾರರು ಹೊರಗುಳಿಯುತ್ತಾರೆ. ಇವರಲ್ಲಿ ಮೂರು ವರ್ಗಗಳನ್ನು ಗುರುತಿಸಬಹುದು.

ಮೊದಲನೆಯವರು ಬಗರ್‌ಹುಕುಂ ಸಾಗುವಳಿದಾರರು. ಸರ್ಕಾರಿ ಭೂಮಿಯಲ್ಲಿ ಮಂಜೂರಾತಿಯಿಲ್ಲದೆ ಬೇಸಾಯ ಮಾಡುತ್ತಿರುವವರಿಂದ ಸಕ್ರಮಕ್ಕಾಗಿ 1991ರ ತಿದ್ದುಪಡಿಯ ಬಳಿಕ ನಮೂನೆ 50, ಅನಂತರ ನಮೂನೆ 53, 2018ರಲ್ಲಿ ನಮೂನೆ 57ರ ಅರ್ಜಿಗಳನ್ನು ಸ್ವೀಕರಿಸಲಾಯಿತು. ಒಂದರ ಹಿಂದೆ ಒಂದರಂತೆ ಮೂರು ನಮೂನೆಗಳು ಬೇಕಾದುದೇ ಈ ಸಮಸ್ಯೆಯ ಆಳವನ್ನು ಸೂಚಿಸುತ್ತದೆ. ಭೂಮಿಯು ಅರಣ್ಯದ ವ್ಯಾಪ್ತಿಯಲ್ಲಿದೆಯೆಂಬ ವಿವಾದವಿದ್ದರೆ ಮಂಜೂರಾತಿ ಇನ್ನಷ್ಟು ಜಟಿಲವಾಗುತ್ತದೆ.

ಎರಡನೆಯವರು ಭೂಮಿಯನ್ನು ಪಾಲಿಗೆ ಅಥವಾ ಗುತ್ತಿಗೆಗೆ ಪಡೆದು ಉಳುವವರು. ಮೆಕ್ಕೆಜೋಳಕ್ಕೂ ಶುಂಠಿಗೂ ಹೀಗೆ ಭೂಮಿ ಹಿಡಿಯುವುದು ಅರೆಮಲೆನಾಡಿನಲ್ಲಿ ಅಪರೂಪವಲ್ಲ. ಭೂಸುಧಾರಣಾ ಕಾಯ್ದೆಯ 5ನೆಯ ಪ್ರಕರಣವು ಸೈನಿಕರು ಮತ್ತು ನಾವಿಕರನ್ನು ಬಿಟ್ಟು ಉಳಿದವರು ಕೃಷಿಭೂಮಿಯನ್ನು ಗೇಣಿಗೆ ಕೊಡುವುದನ್ನು ನಿಷೇಧಿಸಿತು. ಬೆಳೆ ವಿಮೆಯ ಮಾರ್ಗಸೂಚಿಯಾದರೋ ಗೇಣಿದಾರರೂ ಪಾಲುದಾರರೂ ಅರ್ಹರೆನ್ನುತ್ತದೆ. ಆದರೆ ಅದಕ್ಕೆ ಕರಾರಿನ ದಾಖಲೆ ಬೇಕು. ಕಾನೂನು ಒಪ್ಪದ ಕರಾರನ್ನು ಬರೆದುಕೊಡಲು ಒಡೆಯನು ಹಿಂಜರಿಯುತ್ತಾನೆ. ಹೀಗೆ, ಹಳೆಯ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿದ ಕಾಯ್ದೆಯೇ ಹೊಸ ಗೇಣಿದಾರನನ್ನು ದಾಖಲೆಯಿಂದ ಮರೆಯಾಗಿಸಿದೆ. ಮಳೆ ಕೈಕೊಟ್ಟ ವರ್ಷ ನಷ್ಟವು ಉಳುವವನದು, ಪರಿಹಾರವು ಪಹಣಿದಾರನದು ಎಂಬ ಸ್ಥಿತಿ ಉಂಟಾಗಬಹುದು.

ಮೂರನೆಯವರು ಪೌತಿ ಖಾತೆಯಾಗದ ಕುಟುಂಬಗಳು. ತೀರಿಹೋದ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿಯೇ ಪಹಣಿ ಉಳಿದಿದ್ದರೆ ವಾರಸುದಾರರಿಗೆ, ವಿಶೇಷವಾಗಿ ಗಂಡನನ್ನು ಕಳೆದುಕೊಂಡು ಬೇಸಾಯವನ್ನು ನಡೆಸುತ್ತಿರುವ ಹೆಣ್ಣುಮಕ್ಕಳಿಗೆ, ಯೋಜನೆಗಳು ಕೈಗೆಟುಕುವುದು ಕಷ್ಟ.

ಮನುಷ್ಯರಂತೆ ಕೆರೆಯೂ ಹೊರಗುಳಿದಿದೆ. ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳು ಕೊನೆಗೊಂಡವು. ಅದು ನ್ಯಾಯವಾದ ಕ್ರಮವೇ ಆಗಿತ್ತು. ಆದರೆ ಆ ಹುದ್ದೆಗಳಿಗೆ ಅಂಟಿಕೊಂಡಿದ್ದ ನೀರಿನ ನಿರ್ವಹಣೆಗೆ ಅಷ್ಟೇ ಗಟ್ಟಿಯಾದ ಬದಲಿ ಏರ್ಪಾಡು ರೂಪುಗೊಳ್ಳಲಿಲ್ಲ. ಕೆರೆಗಳು ಅಚ್ಚುಕಟ್ಟಿನ ವಿಸ್ತೀರ್ಣಕ್ಕನುಗುಣವಾಗಿ ಇಲಾಖೆಗಳ ನಡುವೆ ಹಂಚಿಹೋದವು. 40 ಹೆಕ್ಟೇರಿಗಿಂತ ಹೆಚ್ಚಿನವು ಸಣ್ಣ ನೀರಾವರಿ ಇಲಾಖೆಗೆ, ಕಡಿಮೆಯವು ಪಂಚಾಯಿತಿ ವ್ಯವಸ್ಥೆಗೆ ಸೇರಿದವು. ಕೊಳವೆಬಾವಿಗೂ ಹೊಂಡಕ್ಕೂ ಸಹಾಯಧನ ಬಂದಾಗ ನೀರು ಒಬ್ಬೊಬ್ಬರ ಆಸ್ತಿಯಾಯಿತು. ಆದರೆ ಕೊಳವೆಬಾವಿಗೆ ನೀರು ಒದಗಿಸುವ ಅಂತರ್ಜಲವು ಮರುಪೂರಣಗೊಳ್ಳುವುದು ಬಹುಮಟ್ಟಿಗೆ ಅದೇ ಕೆರೆಗಳಿಂದ. ಶಿಕಾರಿಪುರ ತಾಲ್ಲೂಕಿನಲ್ಲಿ ಉಡುಗಣಿ–ತಾಳಗುಂದ–ಹೊಸೂರು ಏತ ನೀರಾವರಿ ಮೂಲಕ ಕೆರೆಗಳನ್ನು ತುಂಬಿಸುವ ಯೋಜನೆ ಕೈಗೊಂಡಿರುವುದು ಈ ಅರಿವಿನ ಫಲವೆನ್ನಬಹುದು.

ಹೊರಗಿನ ಒಂದು ಹೋಲಿಕೆ

ಇದೇ ಪ್ರಶ್ನೆಯನ್ನು ಇಂಗ್ಲೆಂಡ್ ಬೇರೆ ರೀತಿಯಲ್ಲಿ ಎದುರಿಸಿದೆ. ಯೂರೋಪಿಯನ್ ಒಕ್ಕೂಟದಲ್ಲಿದ್ದಾಗ ಅಲ್ಲಿಯ ಕೃಷಿಕರಿಗೆ ಮುಖ್ಯವಾಗಿ ಭೂಮಿಯ ವಿಸ್ತೀರ್ಣದ ಆಧಾರದ ಮೇಲೆ ಹಣ ಸಂದಾಯವಾಗುತ್ತಿತ್ತು. ಹೆಚ್ಚು ಭೂಮಿಯಿದ್ದವರಿಗೆ ಹೆಚ್ಚು ಹಣ. 2020ರ ಕೃಷಿ ಕಾಯ್ದೆಯ ಬಳಿಕ ಈ ಪದ್ಧತಿಯನ್ನು ಹಂತಹಂತವಾಗಿ ಕೈಬಿಡಲಾಯಿತು. ಹಳೆಯ ಯೋಜನೆಗೆ 2023 ಕೊನೆಯ ವರ್ಷವಾಯಿತು. ಮಣ್ಣಿನ ಸಾರ, ನೀರಿನ ಶುದ್ಧತೆ, ಬೇಲಿಸಾಲುಗಳ ರಕ್ಷಣೆಯಂತಹ, ಎಲ್ಲರಿಗೂ ಒದಗುವ ಪ್ರಯೋಜನಗಳಿಗೆ ಸಾರ್ವಜನಿಕ ಹಣ ಸಲ್ಲಬೇಕೆಂಬುದು ಹೊಸ ನೀತಿಯ ತಿರುಳು. ಅಲ್ಲಿಯ ವಿಶಾಲ ಹಿಡುವಳಿಗೂ ಇಲ್ಲಿಯ ಒಂದೆರಡು ಎಕರೆಯ ಬದುಕಿಗೂ ಸಾಮ್ಯವಿಲ್ಲ. ಇಲ್ಲಿ 6,000 ರೂಪಾಯಿಗಳು ಬೀಜ, ಗೊಬ್ಬರದ ಖರ್ಚಿಗೆ ಆಸರೆಯಾಗುವ ಹಣ. ಅದನ್ನು ಷರತ್ತಿಗೆ ಒಳಪಡಿಸುವುದು ಉಚಿತವಲ್ಲ. ಆದರೂ ಸಾಮೂಹಿಕ ಒಳಿತನ್ನು ಕಾಯುವ ಕೆಲಸಕ್ಕೆ ಪ್ರತಿಫಲ ಕೊಡುವ ತತ್ವ ಬಿತ್ತುವಟ್ಟದ ನಾಡಿಗೆ ಹೊಸದಲ್ಲವೆಂಬುದು ಗಮನಾರ್ಹ.

ಒಟ್ಟಿನಲ್ಲಿ, ತೊಗರ್ಸಿ ಪರಿಸರದಲ್ಲಿ ಪ್ರಭುತ್ವದ ನೆರವು ಕೆರೆಯಿಂದ ಉಳುವವನಿಗೆ, ಉಳುವವನಿಂದ ಪಹಣಿಗೆ, ಪಹಣಿಯಿಂದ ಬ್ಯಾಂಕ್ ಖಾತೆಗೆ ಸಾಗಿ ಬಂದಿದೆ. ಬಿತ್ತುವಟ್ಟವು ಕೆರೆಯನ್ನು ಕಂಡಿತು, ದುಡಿಯುವವನನ್ನು ಕಾಣಲಿಲ್ಲ. ತಕ್ಕಾವಿಯು ದುಡಿಯುವವನನ್ನು ಕಂಡರೂ ಅವನನ್ನು ಸಾಲಗಾರನನ್ನಾಗಿ ಕಂಡಿತು. ಇಂದಿನ ಯೋಜನೆಗಳು ಒಡೆಯನನ್ನು ನಿಖರವಾಗಿ ಗುರುತಿಸುತ್ತವೆ. ಆದರೆ ಒಡೆಯನಲ್ಲದ ಬೇಸಾಯಗಾರನನ್ನೂ ಒಡೆಯರಿಲ್ಲದ ಕೆರೆಯನ್ನೂ ಅಷ್ಟೇ ನಿಖರವಾಗಿ ಗುರುತಿಸುವುದಿಲ್ಲ. ಬಾಕಿಯಿರುವ ಸಕ್ರಮ ಅರ್ಜಿಗಳ ಇತ್ಯರ್ಥ, ಒಡೆತನಕ್ಕೆ ಧಕ್ಕೆಯಾಗದಂತೆ ಗುತ್ತಿಗೆ ಸಾಗುವಳಿಯನ್ನು ವಿಮೆಯ ಮಟ್ಟಿಗಾದರೂ ದಾಖಲಿಸುವ ವ್ಯವಸ್ಥೆ, ಕೆರೆಯ ಪಾಲನೆಗೆ ಊರಿನ ಮಟ್ಟದಲ್ಲಿ ನಿಯತವಾದ ಹಣ, ಈ ಮೂರು ಕೂಡಿಬಂದಾಗ ನೆರವು ಪೂರ್ಣವಾದೀತು. ಶಾಸನಗಳನ್ನೂ ಕಂದಾಯ ಇಲಾಖೆಯ ಕಡತಗಳನ್ನೂ ಒಟ್ಟಿಗೆ ಇಟ್ಟು ಗ್ರಾಮವಾರು ಅಧ್ಯಯನ ನಡೆಸಿದರೆ ಈ ದಿಕ್ಕಿನಲ್ಲಿ ಇನ್ನೂ ಹೆಚ್ಚಿನ ಬೆಳಕು ಬೀಳುವುದರಲ್ಲಿ ಸಂದೇಹವಿಲ್ಲ.