ಹಾಲು ಹಿಂಡುವವರು ನೀವು, ಬಟವಾಡೆ ಯಾರ ಹೆಸರಿಗೆ?

ಕಳೆದ ಚಳಿಗಾಲದಲ್ಲಿ ಒಂದು ದಿನ ಬೆಳಗಿನ ಜಾವ ಐದು ಗಂಟೆಗೆ ಫೋನ್ ಬಂತು. ಕರು ಹಾಕಿ ಎರಡು ದಿನವಾದ ಹಸು ಮಲಗಿದ್ದು ಏಳುತ್ತಿಲ್ಲ. ಹೋಗಿ ನೋಡಿದೆ. ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿತ್ತು, ಕಿವಿ ತಣ್ಣಗಿತ್ತು, ಮೂತಿ ಒಣಗಿತ್ತು. ಹಾಲು ಜ್ವರ. ಹೆಸರಿಗಷ್ಟೇ ಜ್ವರ, ಮೈಯೆಲ್ಲ ತಣ್ಣಗೆ. ಕರು ಹಾಕಿದ ಮೊದಲ ಮೂರು ದಿನದಲ್ಲಿ ಕೆಚ್ಚಲಿಗೆ ಹಾಲು ಇಳಿಯುವ ರಭಸಕ್ಕೆ ರಕ್ತದಲ್ಲಿನ ಕ್ಯಾಲ್ಸಿಯಂ ಕುಸಿದಾಗ ಹೀಗಾಗುತ್ತದೆ. ತಡವಾದರೆ ಹಸು ಉಳಿಯುವುದಿಲ್ಲ. ಕ್ಯಾಲ್ಸಿಯಂ ಬಾಟಲಿಯನ್ನು ಕತ್ತಿನ ರಕ್ತನಾಳಕ್ಕೆ ನಿಧಾನವಾಗಿ ಹಾಕಿದೆ. ಅರ್ಧ ಗಂಟೆಯಲ್ಲಿ ಹಸು ಎದ್ದು ನಿಂತು ಗಂಜಳ ಹಾಕಿತು.

ಸಾಮಾನ್ಯವಾಗಿ ಹಸು ಎದ್ದು ನಿಂತರೆ ಮನೆಯವರ ಮುಖದಲ್ಲಿ ನಗು ಬರುತ್ತದೆ. ಅಂದು ಬರಲಿಲ್ಲ. ಹಸುವಿನ ಬೆನ್ನು ಸವರುತ್ತಿದ್ದ ಆ ಹೆಣ್ಣುಮಗಳು ಮೆಲ್ಲಗೆ ಕೇಳಿದರು: "ಡಾಕ್ಟ್ರೇ, ಈ ದುಡ್ಡು ಬಟವಾಡೆಲಿ ಹಿಡ್ಕೋಬೇಡಿ ಅಂತ ಸೆಕ್ರೆಟ್ರಿಗೆ ಹೇಳ್ತೀರಾ? ಬಟವಾಡೆ ನಮ್ಮಣ್ಣನ ಹೆಸರಿಗೆ ಬರೋದು. ಅತ್ತಿಗೆ ಮುಂದೆ ತಲೆ ಎತ್ತಕ್ಕಾಗಲ್ಲ. ಒಂದು ತಿಂಗಳಲ್ಲಿ ನಾನೇ ತಂದು ಕೊಡ್ತೀನಿ."

ಹಸು ಅವರದು. ಹುಲ್ಲು ಕೊಯ್ಯುವುದು, ಸಗಣಿ ಬಾಚುವುದು, ಎರಡು ಹೊತ್ತು ಹಾಲು ಹಿಂಡಿ ಡೇರಿಗೆ ಹೊರುವುದು ಎಲ್ಲ ಅವರೇ. ಆದರೆ ಹಾಲಿನ ದುಡ್ಡನ್ನು ಅಣ್ಣನ ಕೈಯಿಂದ ಕೇಳಿ ಪಡೆಯಬೇಕಿತ್ತು. ಅವರ ಒಪ್ಪಿಗೆ ಪಡೆದು, ಹೆಸರು ಮತ್ತು ಊರು ಬಿಟ್ಟು, ಈ ವಿಷಯ ಬರೆಯುತ್ತಿದ್ದೇನೆ. ಇಂಥ ಪರಿಸ್ಥಿತಿಯಲ್ಲಿರುವ ಸದಸ್ಯರು ನಾನು ಓಡಾಡುವ ಹಾದಿಯಲ್ಲೇ ಇನ್ನೂ ಕೆಲವರಿದ್ದಾರೆ. ನಿಮ್ಮ ಸಂಘದಲ್ಲೂ ಇರಬಹುದು.

ಅವರು ಎಂಟು ವರ್ಷ ಗಂಡನ ಮನೆಯಲ್ಲಿದ್ದರು. ಆ ಊರೂ ನನ್ನ ಹಾದಿಯಲ್ಲೇ ಬರುತ್ತದೆ. ಮಗಳು ಹುಟ್ಟಿದಾಗ ತವರಿನವರು ಒಂದು ಕಡಸು ಕೊಟ್ಟಿದ್ದರು. ಅದು ಕರು ಹಾಕಿ ಎರಡಾಯಿತು. ಡೇರಿಯ ಸದಸ್ಯತ್ವ ಗಂಡನ ಹೆಸರಿನಲ್ಲಿ, ಪಾಸ್‌ಬುಕ್ಕೂ ಗಂಡನದೇ. ಕಾಲುಬಾಯಿ ಲಸಿಕೆ ಹಾಕಲು ಹೋದ ದಿನ ಎರಡೂ ಹಸುಗಳ ಕಿವಿಗೆ ಹನ್ನೆರಡು ಅಂಕಿಯ ಟ್ಯಾಗ್ ಹಾಕಿದ್ದು ನಾನೇ. ಹಸುವಿನ ಮೂಗುದಾರ ಹಿಡಿದು ನಿಂತಿದ್ದವರು ಅವರು. ನಾನು ಕೇಳಿದ್ದು, "ಯಜಮಾನ್ರ ಹೆಸರೇನಮ್ಮಾ?" ಹೇಳಿದರು, ಬರೆದುಕೊಂಡೆ. ಹಸುವಿನ ಒಡೆಯರು ಯಾರು ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಸಂಸಾರ ಮುರಿದು ಅವರು ಮಗಳೊಂದಿಗೆ ತವರಿಗೆ ಬಂದ ಮೇಲೆ ಹಿರಿಯರು ಕೂತು ನ್ಯಾಯ ಮಾಡಿದರು. ಗಂಡನ ಕಡೆಯವರು ತೋರಿಸಿದ್ದು ಎರಡು: ಡೇರಿ ಪಾಸ್‌ಬುಕ್ಕು ಮತ್ತು ಮೊಬೈಲಿನಲ್ಲಿ ಟ್ಯಾಗಿನ ವಿವರ. ತವರಿನವರು ಕೊಟ್ಟದ್ದೆಂದು ಊರಿಗೇ ಗೊತ್ತಿದ್ದ ಹಸು ಅವರಿಗೆ ಸಿಕ್ಕಿತು. ಅದರ ಮಗಳನ್ನು ಅವರು ಕರುವಿನಿಂದ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದರು. ಅದು ಅಲ್ಲೇ ಉಳಿಯಿತು. ಈಗಲೂ ಆ ಮನೆಗೆ ಚಿಕಿತ್ಸೆಗೆ ಹೋದಾಗ ಆ ಹಸುವಿನ ಕಿವಿಯಲ್ಲಿ ನಾನೇ ಹಾಕಿದ ಟ್ಯಾಗ್ ಕಾಣುತ್ತದೆ.

ಇಷ್ಟೆಲ್ಲ ಆದಮೇಲೂ ತವರಿನಲ್ಲಿ ಮತ್ತೆ ಅಣ್ಣನ ಹೆಸರಿಗೇ ಹಾಲು ಹಾಕಿದ್ದೇಕೆ ಎಂದು ಕೇಳಿದೆ. ಸಂಕೋಚವೂ ಒಂದು ಕಾರಣ. ಇನ್ನೊಂದು ಕಾರಣ ಕೇಳಿ ಆಶ್ಚರ್ಯವಾಯಿತು. ಜೀವನಾಂಶಕ್ಕೆ ಅರ್ಜಿ ಹಾಕಿದ್ದರು. "ನಿನ್ನ ಹೆಸರಲ್ಲಿ ಸಂಪಾದನೆ ಕಂಡ್ರೆ ಒಂದು ರೂಪಾಯೀನೂ ಕೊಡಿಸಲ್ಲ" ಎಂದು ಯಾರೋ ನೆಂಟರು ಹೆದರಿಸಿದ್ದರು.

ನಾನು ದನದ ಡಾಕ್ಟರು, ವಕೀಲಿಕೆ ನನ್ನದಲ್ಲ. ಆದರೂ ಅವರ ಜೊತೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಬಂದದ್ದರಿಂದ ಒಂದೆರಡು ವಿಷಯ ತಿಳಿದುಕೊಂಡೆ. ಈ ಸಮಿತಿ ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತವಾಗಿ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿದೆ. ಹೆಂಡತಿಗೆ ಅಲ್ಪಸ್ವಲ್ಪ ಸಂಪಾದನೆ ಇದೆ ಎಂಬ ಒಂದೇ ಕಾರಣಕ್ಕೆ ಜೀವನಾಂಶ ನಿರಾಕರಿಸಲಾಗದು ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಮೊತ್ತ ನಿಗದಿ ಮಾಡುವಾಗ ಆ ಸಂಪಾದನೆಯನ್ನು ನೋಡುತ್ತಾರೆ, ಅದು ಬೇರೆ ಮಾತು. ಜೊತೆಗೆ 2020ರ ಇನ್ನೊಂದು ತೀರ್ಪಿನ ಪ್ರಕಾರ ಗಂಡ-ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿಯ ವಿವರವನ್ನು ಪ್ರಮಾಣ ಮಾಡಿ ಬರೆದುಕೊಡಬೇಕು. ಅಂದಮೇಲೆ ಅಣ್ಣನ ಹೆಸರಿನಲ್ಲಿ ಬಚ್ಚಿಟ್ಟ ಹಾಲು ನಾಳೆ ಹೊರಬಿದ್ದರೆ ನಿಮಗೇ ತೊಂದರೆ. ನಿಮ್ಮ ಹೆಸರಲ್ಲೇ ಹಾಕಿ. ಬಟವಾಡೆ ಚೀಟಿಯ ಜೊತೆಗೆ ಪಶು ಆಹಾರದ ಬಿಲ್ಲು, ಹುಲ್ಲು ಕೊಂಡ ಚೀಟಿ ಎಲ್ಲವನ್ನೂ ಒಂದು ಕವರಿನಲ್ಲಿ ಇಟ್ಟುಕೊಳ್ಳಿ. ಬಟವಾಡೆ ಚೀಟಿಯಲ್ಲಿ ಕಾಣುವುದೆಲ್ಲ ಆದಾಯವಲ್ಲ ಎಂದು ತೋರಿಸಲು ಅದೇ ಸಾಕ್ಷಿ.

ತವರಿನಿಂದ ಕೊಟ್ಟ ಹಸುವಿನ ಮಾತೂ ಅಷ್ಟೆ. ಮದುವೆಗೆ ಮುಂಚೆ, ಮದುವೆಯಲ್ಲಿ, ಆಮೇಲೆ, ಯಾವಾಗ ಉಡುಗೊರೆಯಾಗಿ ಕೊಟ್ಟಿದ್ದರೂ ಅದು ಹೆಣ್ಣುಮಗಳ ಸ್ತ್ರೀಧನ. ಕಿವಿಯ ಟ್ಯಾಗಿನಲ್ಲಿ ಗಂಡನ ಹೆಸರಿದೆ ಎಂದ ಮಾತ್ರಕ್ಕೆ ಹಸು ಗಂಡನದಾಗುವುದಿಲ್ಲ. ಆದರೆ ಹತ್ತು ಜನರ ಮುಂದೆ ಅದನ್ನು ಸಾಧಿಸಿ ತೋರಿಸುವ ಕಷ್ಟ ಏನೆಂದು ಮೇಲೆ ಹೇಳಿದೆನಲ್ಲ.

ಇನ್ನು ಹೊಟ್ಟೆಪಾಡಿನ ಲೆಕ್ಕಕ್ಕೆ ಬರೋಣ. ತವರಿಗೆ ಬಂದ ಹೊಸದರಲ್ಲಿ "ಎರಡು ಹಸು ಇದ್ರೆ ಜೀವನ ಸಾಗುತ್ತೆ, ಸಾಲ ತಗೋ" ಎನ್ನುವವರು ಬಹಳ ಮಂದಿ. ಸಾಲಕ್ಕೆ ಮುಂಚೆ ಒಂದು ಹಸುವಿನ ಲೆಕ್ಕವನ್ನು ನೀವೇ ಕೂತು ಬರೆಯಿರಿ. ನಾನು ಅವರೊಂದಿಗೆ ಜಗಲಿಯಲ್ಲಿ ಕೂತು ಬರೆದದ್ದು ಹೀಗಿತ್ತು. ದರಗಳನ್ನು ಲೆಕ್ಕಕ್ಕೆಂದು ಹಿಡಿದಿದ್ದೇನೆ, ನಿಮ್ಮ ಊರಿನ ದರ ಹಾಕಿಕೊಳ್ಳಿ.

ಮಿಶ್ರತಳಿ ಹಸು, ದಿನಕ್ಕೆ ಸರಾಸರಿ 10 ಲೀಟರ್. ಒಂದು ಲೀಟರ್ ಮನೆಗೆ, ಮಗುವಿಗೆ. ಇದನ್ನು ದಯವಿಟ್ಟು ಉಳಿಸಿಕೊಳ್ಳಿ, ಪೂರ್ತಿ ಡೇರಿಗೆ ಹಾಕಬೇಡಿ. ಉಳಿದ 9 ಲೀಟರ್, ಲೀಟರಿಗೆ 35 ರೂಪಾಯಿಯಂತೆ 315 ರೂಪಾಯಿ. ಪಶು ಆಹಾರ ಹಸುವಿನ ಮೈಗೆ 2 ಕೆ.ಜಿ., ಹಾಲಿಗೆ ಲೀಟರಿಗೆ 400 ಗ್ರಾಂನಂತೆ 4 ಕೆ.ಜಿ., ಒಟ್ಟು 6 ಕೆ.ಜಿ. ಕೆ.ಜಿ.ಗೆ 25 ರೂಪಾಯಿ ಎಂದರೆ 150. ರಾಗಿ ಹುಲ್ಲಿಗೆ 40, ಖನಿಜ ಮಿಶ್ರಣಕ್ಕೆ 5. ಹಸಿ ಮೇವು ಬದುವಿನದು. ಖರ್ಚು 195 ಹೋಗಿ ಕೈಯಲ್ಲಿ ಉಳಿಯುವುದು 120.

ಈ 120ನ್ನು ನೋಡಿ ತಿಂಗಳಿಗೆ 3,600 ಬಂತು ಎಂದುಕೊಂಡರೆ ಅಲ್ಲೇ ತಪ್ಪಿತು. ಹಸು ವರ್ಷವಿಡೀ ಕರೆಯುವುದಿಲ್ಲ. ಹತ್ತು ತಿಂಗಳು ಕರೆದು, ಮುಂದಿನ ಕರುವಿಗೆ ಮುಂಚೆ ಎರಡು ತಿಂಗಳು ಬತ್ತಿಸಲೇಬೇಕು. ಆಗಲೂ ಹೊಟ್ಟೆಯಲ್ಲಿ ಬೆಳೆಯುವ ಕರುವಿಗಾಗಿ 3 ಕೆ.ಜಿ. ಆಹಾರ, ಹುಲ್ಲು, ಖನಿಜ ಸೇರಿ ದಿನಕ್ಕೆ 120 ಖರ್ಚಿದೆ. ಅರವತ್ತು ದಿನಕ್ಕೆ 7,200. ಅದಕ್ಕೇ ಕರೆಯುವ ದಿನಗಳಲ್ಲಿ 40 ರೂಪಾಯಿ ಎತ್ತಿಡಬೇಕು. ಮುನ್ನೂರು ದಿನಕ್ಕೆ 12,000 ಆಗುತ್ತದೆ. ಬತ್ತಿದ ದಿನಗಳ ಮೇವು ಕಳೆದು 4,800 ಮಿಗುತ್ತದೆ, ಅಂದರೆ ಆ ಎರಡು ತಿಂಗಳೂ ಮನೆಗೆ ದಿನಕ್ಕೆ 80. ಕರೆಯುವಾಗಲೂ 80, ಬತ್ತಿದಾಗಲೂ 80. ವರ್ಷದ ಹನ್ನೆರಡು ತಿಂಗಳೂ ತಿಂಗಳಿಗೆ 2,400 ರೂಪಾಯಿ.

ಅವರು ಬಹಳ ಹೊತ್ತು ಆ ಅಂಕಿಯನ್ನೇ ನೋಡಿದರು. "ಇಷ್ಟೇನಾ ಡಾಕ್ಟ್ರೇ?" ಇಷ್ಟೇ. ಒಂದು ಹಸುವಿನಿಂದ ಇಬ್ಬರ ಸಂಸಾರ ಪೂರ್ತಿ ನಡೆಯುವುದಿಲ್ಲ. ವಾರಕ್ಕೆ ಎರಡು ಮೂರು ದಿನ ಹಿಪ್ಪುನೇರಳೆ ತೋಟಕ್ಕೆ ಕೂಲಿಗೆ ಹೋಗುತ್ತಿದ್ದರು, ಅದನ್ನು ಬಿಡಬೇಡಿ ಎಂದೆ. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿಯನ್ನು ನಾನು ಈ ಲೆಕ್ಕಕ್ಕೆ ಸೇರಿಸಿಲ್ಲ. ಅದು ಯಾವಾಗ ಬರುತ್ತದೋ ಆಗ ಬರುತ್ತದೆ. ಬಂದಾಗ ವಿಮೆಗೆ, ಔಷಧಿಗೆ ಇಟ್ಟುಕೊಳ್ಳಿ. ಅದೂ ಸದಸ್ಯರ ಖಾತೆಗೇ ಹೋಗುವುದು ಎಂಬುದು ನೆನಪಿರಲಿ.

2,400ನ್ನು ಹೆಚ್ಚಿಸುವ ದಾರಿ ಮೊದಲು ಮೇವಿನಲ್ಲಿದೆ, ಎರಡನೇ ಹಸು ಆಮೇಲೆ. ಅಲಸಂದೆ, ಕುದುರೆಮಸಾಲೆಯಂಥ ದ್ವಿದಳ ಹಸಿ ಮೇವು 6ರಿಂದ 8 ಕೆ.ಜಿ. ಕೊಟ್ಟರೆ ಸುಮಾರು ಒಂದು ಕೆ.ಜಿ. ಪಶು ಆಹಾರ ಕಡಿಮೆ ಮಾಡಬಹುದು. ಅಪ್ಪನ ಜಮೀನಿನಲ್ಲಿ ಬಚ್ಚಲು ನೀರು ಹರಿಯುವ ಕಡೆ ಮೂರು ಗುಂಟೆ ಜಾಗ ಕೇಳಿ ಅವರು ನೇಪಿಯರ್ ಕಡ್ಡಿ ನೆಟ್ಟಿದ್ದಾರೆ, ಸಾಲಿನ ನಡುವೆ ಅಲಸಂದೆ ಹಾಕಿದ್ದಾರೆ. ಜಾಗ ಕೊಡಲು ಅಪ್ಪ ಒಪ್ಪಿದರು, ಅಣ್ಣ ಮುಖ ಗಂಟಿಕ್ಕಿಕೊಂಡಿದ್ದಾರೆ. ಅದು ಅವರ ಮನೆಯ ಮಾತು.

ಬೆದೆ ತಪ್ಪಿಸಬೇಡಿ. ಇದನ್ನು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ, ನೀವೂ ಕೇಳಿ ಬೇಸತ್ತಿದ್ದೀರಿ. ಆದರೆ ಕೋರ್ಟಿಗೆ ಅಲೆಯುವ ಹೆಂಗಸಿಗೆ ಇದರ ಕಷ್ಟವೇ ಬೇರೆ. ಆ ಹಸು ಕರು ಹಾಕಿ ಮೂರನೇ ತಿಂಗಳಿಗೆ ಬೆದೆಗೆ ಬಂದ ಬೆಳಿಗ್ಗೆ ಅವರು ವಾಯಿದೆಗೆ ಹೋಗಿದ್ದರು. ಮನೆಯಲ್ಲಿ ಯಾರೂ ಗಮನಿಸಲಿಲ್ಲ. ಬೆದೆ ಇರುವುದು ಹೆಚ್ಚೆಂದರೆ ಒಂದು ದಿನ, ಮತ್ತೆ ಬರಲು 21 ದಿನ. ಮುಂದಿನ ಕರು 21 ದಿನ ತಡವಾದರೆ ಹಾಲಿಲ್ಲದ ದಿನಗಳೂ ಅಷ್ಟು ಹೆಚ್ಚು. ಮೇವಿನ 120, ಮನೆಯ 80, ದಿನಕ್ಕೆ 200ರಂತೆ 4,200 ರೂಪಾಯಿ ಒಂದು ವಾಯಿದೆಗೆ ಹೋಯಿತು. ಈಗ ಕ್ಯಾಲೆಂಡರಿನಲ್ಲಿ ವಾಯಿದೆ ದಿನಕ್ಕೂ ಬೆದೆ ದಿನಕ್ಕೂ ಗುರುತು ಹಾಕುತ್ತಾರೆ. ಎರಡೂ ಹತ್ತಿರ ಬಂದರೆ ಪಕ್ಕದ ಮನೆಯವರಿಗೆ ನನ್ನ ಫೋನ್ ನಂಬರು ಕೊಟ್ಟು ಹೋಗುತ್ತಾರೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆಗೆ ಕೃತಕ ಗರ್ಭಧಾರಣೆ ಮಾಡಿಸಬೇಕು.

ಎರಡನೇ ಹಸು ತರುವುದಾದರೆ ಮೊದಲನೆಯದು ಐದಾರು ತಿಂಗಳ ಗಬ್ಬವಾದಾಗ ತನ್ನಿ. ಆಗ ಒಂದು ಬತ್ತಿದಾಗ ಇನ್ನೊಂದು ಕರೆಯುತ್ತಿರುತ್ತದೆ. ಎರಡನ್ನೂ ಒಟ್ಟಿಗೆ ತಂದರೆ ಎರಡೂ ಒಟ್ಟಿಗೆ ಬತ್ತುತ್ತವೆ, ಸಾಲದ ಕಂತು ಮಾತ್ರ ಬತ್ತುವುದಿಲ್ಲ. ವಾರದ ಕಂತಿನ ಸಾಲದಲ್ಲಿ ಹಸು ಕೊಂಡು, ಬತ್ತಿದ ಎರಡು ತಿಂಗಳಲ್ಲಿ ಕಂತಿಗಾಗಿ ಅದೇ ಹಸುವನ್ನು ಗಬ್ಬದಲ್ಲೇ ಮಾರಿದವರನ್ನು ಕಂಡಿದ್ದೇನೆ. ಮೇವು, ಪಶು ಆಹಾರದ ಖರ್ಚಿಗೆ ಬ್ಯಾಂಕಿನಲ್ಲಿ ಹೈನುಗಾರರಿಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಕೊಡುತ್ತಾರೆ. ಸ್ವಂತ ಹೆಸರಿನಲ್ಲಿ ಹಾಲು ಹಾಕಿದ ದಾಖಲೆ ಇದ್ದರೆ ಅರ್ಜಿ ಹಾಕುವುದು ಸುಲಭ. ಹಸು ತಂದ ದಿನವೇ ವಿಮೆ ಮಾಡಿಸಿ. ಕಿವಿಯ ಟ್ಯಾಗ್ ಬಿದ್ದುಹೋದರೆ ಕೂಡಲೇ ನಮಗೆ ತಿಳಿಸಿ, ಟ್ಯಾಗ್ ಇಲ್ಲದ ಹಸುವಿಗೆ ವಿಮೆ ಹಣ ಬರುವುದಿಲ್ಲ. ಬಂದ ಹಣವೂ ಪಾಲಿಸಿಯಲ್ಲಿ ಯಾರ ಹೆಸರಿದೆಯೋ ಅವರಿಗೇ.

ಹೆಸರು ಮಾಡಿಸುವ ಕೆಲಸ ಕಷ್ಟದ್ದಲ್ಲ. ಸಂಘದ ಕಾರ್ಯದರ್ಶಿಯ ಬಳಿ ಸದಸ್ಯತ್ವದ ಅರ್ಜಿ ಪಡೆದು, ನಿಮ್ಮ ಆಧಾರ್ ಮತ್ತು ನಿಮ್ಮೊಬ್ಬರ ಹೆಸರಿನ ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಇಟ್ಟು, ಷೇರು ಹಣ ಕಟ್ಟಿ. ಜಂಟಿ ಖಾತೆ ಬೇಡ. ಆಧಾರ್‌ಗೆ ಗಂಡನ ಮೊಬೈಲ್ ನಂಬರು ಜೋಡಣೆಯಾಗಿದ್ದರೆ ಮೊದಲು ಅದನ್ನು ಬದಲಾಯಿಸಿ. ಟ್ಯಾಗಿನ ದಾಖಲೆಯಲ್ಲಿ ಮಾಲೀಕರ ಹೆಸರು ತಿದ್ದಬಹುದು, ನಮ್ಮಲ್ಲಿಗೆ ಬನ್ನಿ. ಆದರೆ ಹಸು ಯಾರದೆಂಬ ಜಗಳ ಇನ್ನೂ ನಡೆಯುತ್ತಿದ್ದರೆ ನಾವು ಏಕಾಏಕಿ ತಿದ್ದುವಂತಿಲ್ಲ. ಆದ್ದರಿಂದ ಮನೆಯಲ್ಲಿ ಎಲ್ಲ ಚೆನ್ನಾಗಿರುವವರು ಸಹ ಈಗಲೇ ಒಮ್ಮೆ ಪಾಸ್‌ಬುಕ್ಕು, ಟ್ಯಾಗು, ಪಾಲಿಸಿ ಮೂರನ್ನೂ ತೆಗೆದು ಯಾರ ಹೆಸರಿದೆ ನೋಡಿ. ಹೊಸ ಸದಸ್ಯತ್ವದ ಅರ್ಜಿ ಆಡಳಿತ ಮಂಡಳಿಯ ಸಭೆಯ ಮುಂದೆ ಹೋಗಬೇಕು, ಹಾಗಾಗಿ ಮುಂದಿನ ಸಭೆ ಯಾವಾಗೆಂದು ಕೇಳಿಕೊಂಡು ಅದಕ್ಕೆ ಮುಂಚೆಯೇ ಕೊಡಿ.

ಅವರ ಅರ್ಜಿ ಎರಡನೇ ಸಭೆಯಲ್ಲಿ ಮಂಜೂರಾಯಿತು. ಮೊದಲ ಬಟವಾಡೆಯಲ್ಲಿ ಹಾಲು ಜ್ವರದ ಚಿಕಿತ್ಸೆಯ ಹಣ ಹಿಡಿದುಕೊಂಡರು. ಹಿಡಿದುಕೊಳ್ಳಿ ಎಂದು ಕಾರ್ಯದರ್ಶಿಗೆ ಹೇಳಿದ್ದು ಅವರೇ. ಕೇಸು ಇನ್ನೂ ನಡೆಯುತ್ತಿದೆ. ಹಸು ಈಗ ನಾಲ್ಕು ತಿಂಗಳ ಗಬ್ಬ.