ಮರುಭೂಮಿಗೆ ಬೆಂಕಿ ತಂದ ಹುಲ್ಲು

ಮರುಭೂಮಿಯಲ್ಲಿ ಸುಡಲು ಏನಿದೆ ಎನ್ನುವವರು ಸೀಮಾ ಡೋಮ್ ನೋಡಬೇಕು. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಈ ದಿಬ್ಬಕ್ಕೆ 2020ರ ಆಗಸ್ಟ್ 15ರಂದು ಸಿಡಿಲು ಬಡಿಯಿತು. ಬೆಂಕಿ ಆರುವಷ್ಟರಲ್ಲಿ 43 ಸಾವಿರ ಎಕರೆ ಕರಕಲಾಗಿತ್ತು. ಸತ್ತ ಜೋಶುವಾ ಮರಗಳು ಅಂದಾಜು 13 ಲಕ್ಷ.

ಈ ದಿಬ್ಬವಿರುವ ಮೊಹಾವೆ ಮರುಭೂಮಿ ಹಿಂದೆ ಹೀಗೆ ಉರಿಯುತ್ತಿರಲಿಲ್ಲ. ನೀರಿಲ್ಲದ ನೆಲದಲ್ಲಿ ಗಿಡಗಳು ದೂರ ದೂರ ನಿಲ್ಲುತ್ತವೆ, ನಡುವೆ ಬರೀ ಮಣ್ಣು. ಒಂದು ಪೊದೆಗೆ ಕಿಚ್ಚು ಹತ್ತಿದರೆ ಅದೊಂದೇ ಉರಿದು ಮುಗಿಯುತ್ತಿತ್ತು. ಆ ಖಾಲಿ ಜಾಗ ತುಂಬಿದ್ದು ಮೆಡಿಟರೇನಿಯನ್ ಕಡೆಯಿಂದ ಬಂದ ರೆಡ್ ಬ್ರೋಮ್ ಹುಲ್ಲು. ಚಳಿಗಾಲದ ಮಳೆಗೆ ಚಿಗುರಿ, ವಸಂತದಲ್ಲಿ ಕೆಂಪಗೆ ತೆನೆ ಬಿಟ್ಟು, ಬೇಸಿಗೆಗೆ ಒಣಗಿ ನಿಲ್ಲುತ್ತದೆ. ಗೇಣುದ್ದದ ಈ ಹುಲ್ಲೇ ಪೊದೆಯಿಂದ ಪೊದೆಗೆ ಬೆಂಕಿ ದಾಟಿಸುವ ಬತ್ತಿ. ಸುಟ್ಟ ನೆಲವನ್ನು ಬೇಗ ಆವರಿಸುವುದೂ ಇದೇ. ಬಂಡೀಪುರದ ಲಂಟಾನ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹುಲ್ಲು ನುಂಗಿದ ಆ ಅಂತರವನ್ನು ಮನೆಯ ಸುತ್ತಲಾದರೂ ಮರಳಿ ತರುವುದೇ ಅಲ್ಲಿನ ನಿಯಮಗಳ ತಿರುಳು. ಮೊದಲು ಮನೆಯಿಂದ 30 ಅಡಿಯವರೆಗೆ ತೆರವು ಮಾಡಿದರೆ ಸಾಕಿತ್ತು. 2003ರ ಅಕ್ಟೋಬರ್‌ನಲ್ಲಿ ಇದೇ ಕೌಂಟಿಯ ಬೆಟ್ಟಗಳಲ್ಲಿ ಹೊತ್ತಿದ 'ಓಲ್ಡ್ ಫೈರ್' ಸಾವಿರದ ಸಮೀಪ ಮನೆಗಳನ್ನು ಸುಟ್ಟಿತು. ಮರುವರ್ಷ ಶಾಸನಸಭೆ ಕಾನೂನು ತಿದ್ದಿತು. ಕಾಡುಬೆಂಕಿಯ ಹೊಣೆ ರಾಜ್ಯದ ಮೇಲಿರುವ ಪ್ರದೇಶಗಳಲ್ಲಿ 2005ರಿಂದ ಅದು 100 ಅಡಿಯಾಯಿತು. ಒಣಕಳೆ ತೆಗೆಯದವರಿಗೆ ಕೌಂಟಿ ನೋಟಿಸ್ ಕೊಡುತ್ತದೆ. ಆಗಲೂ ಸುಮ್ಮನಿದ್ದರೆ ತಾನೇ ತೆಗೆಸಿ ಖರ್ಚು ವಸೂಲು ಮಾಡುತ್ತದೆ.

ಕಣ್ಣಿಗೆ ಬೀಳದ ಅಪಾಯ ಗೋಡೆಯ ಬುಡದಲ್ಲಿದೆ. ಬೇರಿನ ಬಳಿ ಮುರಿದು ಗಾಳಿಗೆ ಉರುಳುವ ಟಂಬಲ್‌ವೀಡ್ ಎಂಬ ಮುಳ್ಳುಗಿಡ ಬೇಲಿಗೆ, ಬಾಗಿಲಿಗೆ ಬಂದು ಗುಡ್ಡೆ ಬೀಳುತ್ತದೆ. ಹಾರಿಬಂದ ಒಂದು ಕೆಂಡ ಅದಕ್ಕೆ ಸಾಕು. ಕೆಂಡ ಅಟ್ಟದೊಳಗೆ ನುಸುಳದಿರಲೆಂದು ಹೊಸ ಮನೆಗಳ ಗಾಳಿಕಿಂಡಿಗಳಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಬಿಗಿಯಬೇಕು.

ಹಾಗೆಂದು ನೆಲ ಬೋಳಿಸುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಕೆದಕಿದ ಮಣ್ಣು ಧೂಳಾಗಿ ಏಳುತ್ತದೆ, ಅಲ್ಲಿ ಮತ್ತೆ ಕಳೆಯೇ ಹುಟ್ಟುತ್ತದೆ. ಪಶ್ಚಿಮದ ಜೋಶುವಾ ಮರ ಕಡಿಯಲಂತೂ 2023ರ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಒಣಹುಲ್ಲನ್ನಷ್ಟೇ ಗಿಡ್ಡಗೆ ಕತ್ತರಿಸಿ, ನೆಲದ ಗಿಡಗಳನ್ನು ಅವುಗಳ ಅಂತರದಲ್ಲೇ ಬಿಡಬೇಕು. ಅದಕ್ಕೂ ಹೊತ್ತಿದೆ: ಯಂತ್ರದ ಕೆಲಸ ಬೆಳಿಗ್ಗೆ 10ರೊಳಗೆ ಮುಗಿಯಬೇಕು ಎನ್ನುತ್ತದೆ ರಾಜ್ಯದ ಅಗ್ನಿಶಾಮಕ ಇಲಾಖೆ. ಬಿಸಿಲೇರಿದ ಮೇಲೆ ಕತ್ತರಿಸುವ ಅಲಗು ಕಲ್ಲಿಗೆ ತಗುಲಿ ಹಾರಿದ ಕಿಡಿಯೂ ಕಾಡುಬೆಂಕಿಯಾಗುತ್ತದೆ.