ಕಾಯಿಸುವ ಡಿಸ್ಕು, ಕಾಯುವ ಡಿಸ್ಕು

"ಮಾಮ, ಇದರಲ್ಲಿ ಒಂದು ಟಿಬಿ ಇದೆ, ಅದರಲ್ಲಿ ಬರೀ 512 ಜಿಬಿ. ಅರ್ಧ ಜಾಗ, ಮೇಲೆ ದುಡ್ಡೂ ಜಾಸ್ತಿ. ಇನ್ನೇನು ಯೋಚನೆ ಮಾಡ್ತಿದ್ದೀರ?"

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಅಕ್ಕನ ಮಗಳು ಹೀಗೆ ಕೇಳಿದಾಗ ಗಾಜಿನ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್ ತೆರೆದಿದ್ದವು. ಒಂದು ಹಳೇ ಸ್ಟಾಕು, ಒಳಗೆ ಹಾರ್ಡ್ ಡಿಸ್ಕ್. ಇನ್ನೊಂದರಲ್ಲಿ ಎಸ್‌ಎಸ್‌ಡಿ. ಎಂಜಿನಿಯರಿಂಗ್‌ಗೆ ಸೇರಿದ ಹುಡುಗಿ, ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅಂಗಡಿಯ ಹುಡುಗನಿಗೆ "ಎರಡನ್ನೂ ಒಂದ್ಸಲ ಆಫ್ ಮಾಡಿ ಆನ್ ಮಾಡಪ್ಪ" ಅಂದೆ. ಎಸ್‌ಎಸ್‌ಡಿ ಇದ್ದದ್ದು ಅವಳು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಒಂದು ಗುಟುಕು ಕುಡಿಯುವಷ್ಟರಲ್ಲಿ ಸಿದ್ಧವಾಯಿತು. ಇನ್ನೊಂದರ ಪರದೆ ಬೆಳಗಿದ ಮೇಲೂ ಬಾಣದ ಗುರುತಿನ ಪಕ್ಕ ಆ ಪುಟ್ಟ ಉಂಗುರ ಸುತ್ತುತ್ತಲೇ ಇತ್ತು. ಕಿವಿ ಹತ್ತಿರ ಇಟ್ಟು ಕೇಳು ಅಂದೆ. ಒಳಗಿನಿಂದ ಕರ್ ಕರ್ ಎಂದು ಸಣ್ಣಗೆ ಕೆರೆಯುವ ಸದ್ದು.

ಆ ಸದ್ದು ಏನೆಂದು ನನಗೆ ಚೆನ್ನಾಗಿ ಗೊತ್ತು. ನನ್ನ ಮೇಜಿನ ಡ್ರಾಯರಿನಲ್ಲಿ ಸತ್ತುಹೋದ ಹಾರ್ಡ್ ಡಿಸ್ಕ್ ಒಂದಿದೆ. ನಕ್ಷತ್ರದ ತಲೆಯ ಸ್ಕ್ರೂಗಳನ್ನು ಬಿಚ್ಚಿ ಮುಚ್ಚಳ ಎತ್ತಿದರೆ ಮುಖ ಕಾಣುವಷ್ಟು ಹೊಳೆಯುವ ದುಂಡನೆಯ ತಟ್ಟೆ. ಲ್ಯಾಪ್‌ಟಾಪಿನ ಡಿಸ್ಕುಗಳಲ್ಲಿ ಈ ತಟ್ಟೆ ಸಾಮಾನ್ಯವಾಗಿ ಗಾಜಿನದು. ಅದರ ಮೇಲೆ ಅಯಸ್ಕಾಂತೀಯ ಲೋಹದ ತೆಳು ಲೇಪ. ಪಕ್ಕದಲ್ಲಿ ಕೊಕ್ಕರೆಯ ಕೊಕ್ಕಿನಂತೆ ಚೂಪಾಗುತ್ತ ಹೋಗುವ ಒಂದು ತೋಳು. ತೋಳಿನ ತುದಿಗೆ ಎಳ್ಳುಕಾಳಿಗಿಂತ ಚಿಕ್ಕದಾದ ಹೆಡ್. ಅದೇ ಓದುವುದು, ಅದೇ ಬರೆಯುವುದು.

ಈ ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90. ಅದರ ಅಂಚು ಗಂಟೆಗೆ ಸುಮಾರು 65 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ, ಒಳ್ಳೆಯ ರಸ್ತೆಯಲ್ಲಿ ನಮ್ಮ ಕೆಂಪು ಬಸ್ಸು ಓಡುವಷ್ಟು. ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ. ತಟ್ಟೆ ತಿರುಗುವಾಗ ಏಳುವ ಗಾಳಿಯ ಮೇಲೆ ತೇಲುತ್ತದೆ. ಎಷ್ಟು ಎತ್ತರದಲ್ಲಿ? ಕೆಲವೇ ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್! ಗಾಳಿಯ ಮೇಲೆ ತೇಲುವ ಯಂತ್ರವಾದ್ದರಿಂದ ಗಾಳಿ ತೆಳುವಾದ ಕಡೆ ಇದಕ್ಕೆ ಕಷ್ಟ. ಸಾಮಾನ್ಯ ಹಾರ್ಡ್ ಡಿಸ್ಕನ್ನು ಸುಮಾರು 3,000 ಮೀಟರ್ ಎತ್ತರದವರೆಗೆ ಮಾತ್ರ ಬಳಸಿ ಎಂದು ತಯಾರಕರೇ ಬರೆದಿರುತ್ತಾರೆ. ಲೇಹ್ ಪಟ್ಟಣ ಇರುವುದು 3,500 ಮೀಟರಿನಲ್ಲಿ. ಲಡಾಖಿಗೆ ಹೊರಟ ಗೆಳೆಯರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಮೊದಲ ಹಾರ್ಡ್ ಡಿಸ್ಕ್ ಬಂದದ್ದು 1956ರಲ್ಲಿ, ಐಬಿಎಂ ಕಂಪನಿಯ ರಾಮ್ಯಾಕ್ ಎಂಬ ಯಂತ್ರದ ಜೊತೆ. ಎರಡು ಅಡಿ ಅಗಲದ 50 ತಟ್ಟೆಗಳು ಒಂದರ ಮೇಲೊಂದು. ಅಷ್ಟೂ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳನ್ನು, ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೋದಷ್ಟು. ಅಲ್ಲಿಂದ ಅಂಗೈಯೊಳಗೆ ಒಂದು ಟಿಬಿ ಕೂರುವವರೆಗಿನ ದಾರಿಯಲ್ಲಿ ದೊಡ್ಡ ಜಿಗಿತ ಕೊಟ್ಟದ್ದು 1988ರಲ್ಲಿ ಆಲ್ಬರ್ಟ್ ಫೆರ್ಟ್ ಮತ್ತು ಪೀಟರ್ ಗ್ರುನ್‌ಬರ್ಗ್ ಬೇರೆ ಬೇರೆಯಾಗಿ ಕಂಡುಕೊಂಡ ಭೌತವಿದ್ಯಮಾನ. ಅತಿ ಕ್ಷೀಣವಾದ ಅಯಸ್ಕಾಂತ ಕ್ಷೇತ್ರವನ್ನೂ ಗುರುತಿಸಬಲ್ಲ ಹೆಡ್‌ಗಳು ಅದರಿಂದ ಸಾಧ್ಯವಾದವು. 2007ರ ನೊಬೆಲ್ ಅವರಿಬ್ಬರಿಗೆ ಸಂದಿತು. ಹಾರ್ಡ್ ಡಿಸ್ಕನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರವಾಗುವುದು ಇದಕ್ಕೇ. ಮನುಷ್ಯ ಮಾಡಿದ ಅತ್ಯಂತ ನಾಜೂಕಿನ ಯಂತ್ರಗಳಲ್ಲಿ ಅದೂ ಒಂದು.

ಆದರೂ ಅದು ಕಾಯಿಸುತ್ತದೆ. ಜಾತ್ರೆಯಲ್ಲಿ ತಿರುಗುವ ತೊಟ್ಟಿಲನ್ನು ನೆನೆಸಿಕೊಳ್ಳಿ. ಮೇಲೆ ಕೂತಿರುವ ತಮ್ಮನ ಕೈಗೆ ಮಂಡಕ್ಕಿ ಪೊಟ್ಟಣ ಕೊಡಬೇಕಾದರೆ ಅವನ ತೊಟ್ಟಿಲು ಕೆಳಗೆ ಬರುವ ತನಕ ನಿಲ್ಲಲೇಬೇಕು. ಹೆಡ್‌ನ ಪಾಡೂ ಅಷ್ಟೆ. ಮೊದಲು ತೋಳು ಸರಿಯಾದ ಸುತ್ತಿನ ಮೇಲೆ ಬಂದು ನಿಲ್ಲಬೇಕು, ಆಮೇಲೆ ಬೇಕಾದ ಜಾಗ ತಿರುಗಿಕೊಂಡು ತನ್ನ ಕೆಳಗೆ ಬರಬೇಕು. ಲ್ಯಾಪ್‌ಟಾಪ್ ಡಿಸ್ಕಿನಲ್ಲಿ ಎರಡೂ ಸೇರಿ ಸರಾಸರಿ 17 ಮಿಲಿಸೆಕೆಂಡಿನ ಆಸುಪಾಸು. ಕೇಳಲು ಏನೂ ಅಲ್ಲ. ಆದರೆ ಆ ಲೆಕ್ಕದಲ್ಲಿ ಸೆಕೆಂಡಿಗೆ ಅರವತ್ತು ಚೂರುಗಳನ್ನಷ್ಟೇ ಹೆಕ್ಕಿ ತರಬಹುದು. ಕಂಪ್ಯೂಟರ್ ಏಳುವಾಗ ಬೇಕಾಗುವುದು ಅಲ್ಲೊಂದು ಇಲ್ಲೊಂದು ಚದುರಿಕೊಂಡ ಸಾವಿರಾರು ಸಣ್ಣ ಫೈಲುಗಳು. ಕರ್ ಕರ್ ಸದ್ದು ಆ ತೋಳಿನ ಓಡಾಟದ್ದು. ಸಿನಿಮಾದಂಥ ಒಂದೇ ದೊಡ್ಡ ಫೈಲನ್ನು ಸಾಲಾಗಿ ಓದುವಾಗ ಇದೇ ಡಿಸ್ಕಿಗೆ ದಣಿವೇ ಇಲ್ಲ, ಸೆಕೆಂಡಿಗೆ ನೂರು ಎಂಬಿ ಸರಾಗವಾಗಿ ಕೊಡುತ್ತದೆ.

ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಇರುವುದು ಫ್ಲ್ಯಾಶ್ ಚಿಪ್ಪು, ಪೆನ್ ಡ್ರೈವಿನಲ್ಲೂ ಫೋನಿನಲ್ಲೂ ಇರುವ ಜಾತಿಯದೇ. ಇದರ ಜನಕ ಜಪಾನಿನ ಫುಜಿಯೊ ಮಸುವೊಕ. ತೊಶಿಬಾದಲ್ಲಿದ್ದಾಗ 1984ರಲ್ಲಿ ಮೊದಲ ಬಗೆಯನ್ನೂ, ಇವತ್ತು ಎಲ್ಲ ಕಡೆ ಬಳಕೆಯಲ್ಲಿರುವ ನ್ಯಾಂಡ್ ಬಗೆಯನ್ನು 1987ರಲ್ಲೂ ಜಗತ್ತಿನ ಮುಂದಿಟ್ಟರು. ಇದ್ದದ್ದೆಲ್ಲ ಒಂದೇ ಏಟಿಗೆ ಅಳಿಸಿಹೋಗುವುದನ್ನು ಕಂಡು ಸಹೋದ್ಯೋಗಿಯೊಬ್ಬರಿಗೆ ಕ್ಯಾಮೆರಾದ ಫ್ಲ್ಯಾಶ್ ನೆನಪಾಯಿತಂತೆ. ಹೆಸರು ಹಾಗೆ ಬಂತು.

ಒಳಗೆ ಕೋಟಿ ಕೋಟಿ ಪುಟ್ಟ ಕೋಶಗಳಿವೆ. ಪ್ರತಿ ಕೋಶದಲ್ಲಿ ಸುತ್ತಲೂ ವಿದ್ಯುತ್ ಹರಿಯದ ಗೋಡೆ ಕಟ್ಟಿದ ಒಂದು ಕೋಣೆ. ಜೋರಾಗಿ ವೋಲ್ಟೇಜ್ ಕೊಟ್ಟರೆ ಎಲೆಕ್ಟ್ರಾನುಗಳು ಆ ಗೋಡೆಯನ್ನು ತೂರಿ ಒಳಗೆ ಹೋಗುತ್ತವೆ. ವೋಲ್ಟೇಜ್ ತೆಗೆದರೆ ಅಲ್ಲೇ ಸಿಕ್ಕಿಬೀಳುತ್ತವೆ. ಕರೆಂಟ್ ಹೋದರೂ ಬರೆದದ್ದು ಉಳಿಯುವುದು ಇದರಿಂದ. ಒಳಗೆ ಎಲೆಕ್ಟ್ರಾನ್ ಇದೆಯೋ ಇಲ್ಲವೋ ಎಂದು ಮಾತ್ರ ನೋಡಿದರೆ ಒಂದು ಕೋಶದಲ್ಲಿ ಒಂದು ಬಿಟ್. ಅಳತೆಯ ಲೋಟಕ್ಕೆ ಗೆರೆ ಹಾಕಿದ ಹಾಗೆ ಎಂಟು ಮಟ್ಟಗಳನ್ನು ಗುರುತಿಸಿದರೆ ಮೂರು ಬಿಟ್, ಇದು ಟಿಎಲ್‌ಸಿ. ಹದಿನಾರು ಮಟ್ಟವಾದರೆ ನಾಲ್ಕು ಬಿಟ್, ಅದು ಕ್ಯುಎಲ್‌ಸಿ. ಗೆರೆಗಳು ಹತ್ತಿರವಾದಷ್ಟೂ ಬೆಲೆ ಇಳಿಯುತ್ತದೆ, ಬರೆಯುವುದು ನಿಧಾನವಾಗುತ್ತದೆ, ಬಾಳಿಕೆಯೂ ಕಡಿಮೆಯಾಗುತ್ತದೆ.

ಯಾವ ಕೋಶವನ್ನು ಕೇಳಿದರೂ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಉತ್ತರ ಬರುತ್ತದೆ. ಅಂಗಡಿಯಲ್ಲಿ ಒಂದು ಗುಟುಕು ನೀರು ಕುಡಿಯುವಷ್ಟರಲ್ಲಿ ಲ್ಯಾಪ್‌ಟಾಪ್ ಎದ್ದದ್ದರ ಗುಟ್ಟು ಇದು.

ಬರೆಯುವುದರಲ್ಲಿ ಮಾತ್ರ ಇದಕ್ಕೊಂದು ವಿಚಿತ್ರ ಕಟ್ಟುಪಾಡಿದೆ. ಖಾಲಿ ಜಾಗದಲ್ಲಿ ಬರೆಯಬಹುದು, ಬರೆದದ್ದರ ಮೇಲೆ ತಿದ್ದುವಂತಿಲ್ಲ. ಅಳಿಸಬೇಕಾದರೆ ನೂರಾರು ಪುಟಗಳ ಒಂದು ಇಡೀ ಕಟ್ಟನ್ನೇ ಅಳಿಸಬೇಕು. ನಾವು ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲಿನ ಒಂದಕ್ಷರವನ್ನು ಬೆರಳಿಗೆ ಎಂಜಲು ಹಚ್ಚಿ ಒರೆಸುತ್ತಿದ್ದೆವಲ್ಲ, ಅದು ಇಲ್ಲಿ ನಡೆಯುವುದಿಲ್ಲ. ಉಳಿಯಬೇಕಾದ್ದನ್ನೆಲ್ಲ ಇನ್ನೊಂದು ಸ್ಲೇಟಿಗೆ ಬರೆದುಕೊಂಡು ಇಡೀ ಸ್ಲೇಟು ತೊಳೆಯಬೇಕು. ಈ ಕೆಲಸವನ್ನು ಎಸ್‌ಎಸ್‌ಡಿಯೊಳಗಿನ ಕಂಟ್ರೋಲರ್ ನಮಗೆ ಗೊತ್ತಾಗದಂತೆ ಹಿನ್ನೆಲೆಯಲ್ಲಿ ಮಾಡುತ್ತಿರುತ್ತದೆ. ಅದಕ್ಕೆ ಒಂದಷ್ಟು ಖಾಲಿ ಸ್ಲೇಟು ಬೇಕಾದ್ದರಿಂದಲೇ ಎಸ್‌ಎಸ್‌ಡಿಯನ್ನು ಗಂಟಲ ಮಟ್ಟ ತುಂಬಿಸಬಾರದು ಎನ್ನುವುದು.

ಪ್ರತಿ ಸಲ ಅಳಿಸಿದಾಗಲೂ ಗೋಡೆ ಕೊಂಚ ಸವೆಯುತ್ತದೆ ಎಂಬ ಮಾತು ಕೇಳಿ ಹೆದರುವವರಿದ್ದಾರೆ. ಸವೆಯುವುದು ನಿಜ, ಆದರೆ ಲೆಕ್ಕ ಹಾಕಿ ನೋಡಿ. 500 ಜಿಬಿಯ ಒಳ್ಳೆಯ ಟಿಎಲ್‌ಸಿ ಎಸ್‌ಎಸ್‌ಡಿಗೆ ಕಂಪನಿಗಳು ಕೊಡುವ ಭರವಸೆ ಸಾಮಾನ್ಯವಾಗಿ 300 ಟಿಬಿ ಬರವಣಿಗೆಯದು. ದಿನಕ್ಕೆ 20 ಜಿಬಿ ಬರೆದರೂ, ನಮ್ಮ ಹುಡುಗಿ ಅಷ್ಟು ಬರೆಯುವುದಿಲ್ಲ, 15,000 ದಿನ. ಅಂದರೆ 41 ವರ್ಷ. ಅಷ್ಟರಲ್ಲಿ ಕೀಬೋರ್ಡು, ಬ್ಯಾಟರಿ, ಕೀಲು ಎಲ್ಲ ಹೋಗಿರುತ್ತವೆ.

ಕೊಳ್ಳುವಾಗ ನೋಡಬೇಕಾದ್ದು ಬೇರೆ. ತೀರಾ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಎಸ್‌ಎಸ್‌ಡಿಯ ಬದಲು ಇಎಂಎಂಸಿ ಎಂಬುದಿರುತ್ತದೆ. ಅದೂ ಫ್ಲ್ಯಾಶೇ, ಆದರೆ ಬಹಳ ನಿಧಾನ, ಬೋರ್ಡಿಗೇ ಬೆಸೆದಿರುವುದರಿಂದ ಬದಲಿಸಲೂ ಆಗದು. ಅದನ್ನು ಬೇಡ ಅನ್ನಿ. ಎಂ.2 ಸ್ಲಾಟ್ ಇದೆಯೇ ಎಂದು ಕೇಳಿ. ಅಲ್ಲಿ ಕೂರುವ ಪಟ್ಟಿಯ ಮೇಲೆ 2280 ಎಂದಿದ್ದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ ಎಂದರ್ಥ. ನೋಡಲು ಒಂದೇ ಥರ ಇರುವ ಪಟ್ಟಿಗಳಲ್ಲಿ ಸಾಟಾ ದಾರಿಯದು ಸೆಕೆಂಡಿಗೆ 550 ಎಂಬಿಯ ಹತ್ತಿರ ನಿಲ್ಲುತ್ತದೆ, ಎನ್‌ವಿಎಂಇಯದು 3,500, 7,000 ಎಂದು ಹೋಗುತ್ತದೆ. ದೊಡ್ಡ ಸಂಖ್ಯೆಗೆ ಮರುಳಾಗಿ ಹೆಚ್ಚು ದುಡ್ಡು ಕೊಡುವ ಅಗತ್ಯ ವಿದ್ಯಾರ್ಥಿಗಿಲ್ಲ. ಹಾರ್ಡ್ ಡಿಸ್ಕಿನಿಂದ ಯಾವುದೇ ಎಸ್‌ಎಸ್‌ಡಿಗೆ ಬಂದಾಗ ಆಗುವ ವ್ಯತ್ಯಾಸ ನೆಲದಿಂದ ಅಟ್ಟಕ್ಕೆ ಏರಿದ ಹಾಗೆ. ಆಮೇಲಿನದು ಅಟ್ಟದ ಮೇಲೆ ಮಣೆ ಹಾಕಿ ನಿಂತ ಹಾಗೆ. ಆ ದುಡ್ಡಿನಲ್ಲಿ ರ‍್ಯಾಮ್ ಹೆಚ್ಚಿಸಿಕೊಳ್ಳುವುದು ಮೇಲು.

ಹಾಗಾದರೆ ಹಾರ್ಡ್ ಡಿಸ್ಕಿನ ಕಾಲ ಮುಗಿಯಿತೇ? ಡ್ರಾಯರಿನ ಆ ಸತ್ತ ಡಿಸ್ಕಿನ ಕಥೆ ಹೇಳಬೇಕು. ಲ್ಯಾಪ್‌ಟಾಪ್ ಆನ್ ಇದ್ದಾಗಲೇ ಮಂಚದಿಂದ ಜಾರಿ ನೆಲಕ್ಕೆ ಬಿತ್ತು. ಒಂದೂವರೆ ಅಡಿ ಎತ್ತರ, ಹೊರಗೆ ಒಂದು ಗೀರೂ ಇಲ್ಲ. ಒಳಗೆ ತೇಲುತ್ತಿದ್ದ ಹೆಡ್ ತಟ್ಟೆಗೆ ಬಡಿದಿತ್ತು. ಟಕ್, ಟಕ್ ಎಂದು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಅದರಲ್ಲಿ ಅಮ್ಮ ಹೇಳಿದ ಸೋಬಾನೆ ಪದಗಳಿದ್ದವು. ಎರಡು ಬೇಸಗೆ ರಜೆಯಲ್ಲಿ ಕೂರಿಸಿಕೊಂಡು ಧ್ವನಿಮುದ್ರಿಸಿದ್ದೆ. ಡೇಟಾ ತೆಗೆದುಕೊಡುವವರು ವಾರಗಟ್ಟಲೆ ಇಟ್ಟುಕೊಂಡು ಅರ್ಧದಷ್ಟನ್ನು ಮರಳಿಸಿದರು. ಉಳಿದ ಪದಗಳು ಆ ಗಾಜಿನ ಮೇಲಿನ ಗೀರಿನಲ್ಲಿ ಹೋದವು. ಅಮ್ಮನಿಗೆ ಆಗ ಉಸಿರು ಸಾಲುತ್ತಿರಲಿಲ್ಲ, ಮತ್ತೆ ಹೇಳಿಸಲಾಗಲಿಲ್ಲ.

ಎಸ್‌ಎಸ್‌ಡಿಯಾಗಿದ್ದರೆ ಆ ಬೀಳುವಿಕೆಯನ್ನು ತಡೆದುಕೊಳ್ಳುತ್ತಿತ್ತು. ಆದರೆ ಅದು ಕೆಟ್ಟಾಗ ಸಾಮಾನ್ಯವಾಗಿ ಮುನ್ಸೂಚನೆಯೇ ಕೊಡುವುದಿಲ್ಲ. ರಾತ್ರಿ ಸರಿಯಿದ್ದದ್ದು ಬೆಳಿಗ್ಗೆ ಕಾಣಿಸುವುದೇ ಇಲ್ಲ. ಅಳಿಸಿದ ಫೈಲುಗಳ ಜಾಗವನ್ನು ಅದು ತಾನಾಗಿ ತೊಳೆದುಬಿಡುವುದರಿಂದ ತಪ್ಪಿ ಅಳಿಸಿದ್ದು ಸಿಗುವುದೂ ಅಪರೂಪ. ಜೊತೆಗೆ, ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ನಿಧಾನಕ್ಕೆ ಸೋರುತ್ತವೆ. ಬರವಣಿಗೆಯ ಮಿತಿ ಮುಟ್ಟಿದ ಎಸ್‌ಎಸ್‌ಡಿ ಕರೆಂಟಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಬರೆದದ್ದನ್ನು ಉಳಿಸಿಕೊಳ್ಳಬೇಕು ಎಂಬುದು ಉದ್ಯಮದ ಮಾನದಂಡ. ಹೊಸದು ಇನ್ನೂ ಬಹಳ ಕಾಲ ಹಿಡಿದಿಟ್ಟುಕೊಂಡೀತು. ಆದರೆ ಸೆಕೆ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಕಲಬುರಗಿಯ ಮೇ ತಿಂಗಳಿನಲ್ಲಿ ಬೀರುವಿನೊಳಗೆ ವರ್ಷಗಟ್ಟಲೆ ಇಡುವ ವಸ್ತು ಅದಲ್ಲ. ಅಲುಗಾಡದೆ ಕೂತು ಹಳೆಯದನ್ನು ಕಾಯುವ ಕೆಲಸಕ್ಕೆ ಹಾರ್ಡ್ ಡಿಸ್ಕೇ ಸರಿ, ಟಿಬಿ ಲೆಕ್ಕದಲ್ಲಿ ಅಗ್ಗವೂ ಹೌದು.

ಅಂದು 512 ಜಿಬಿಯ ಎಸ್‌ಎಸ್‌ಡಿ ಇರುವುದನ್ನೇ ಕೊಂಡೆವು. ಉಳಿದ ದುಡ್ಡಿಗೆ ಪಕ್ಕದ ಅಂಗಡಿಯಲ್ಲಿ ಯುಎಸ್‌ಬಿ ವಯರಿನ ಒಂದು ಟಿಬಿ ಹಾರ್ಡ್ ಡಿಸ್ಕ್ ತೆಗೆದುಕೊಂಡೆವು. ಮನೆಗೆ ಬಂದ ಮೇಲೆ ಅವಳು ಅದಕ್ಕೆ ಮೊದಲು ಹಾಕಿದ್ದು ನನ್ನ ಹತ್ತಿರ ಉಳಿದಿದ್ದ ಹನ್ನೊಂದು ಪದಗಳನ್ನು. ಈಗ ಆ ಡಿಸ್ಕು ಅಕ್ಕನ ಮನೆಯ ಬೀರುವಿನಲ್ಲಿದೆ, ರೇಷ್ಮೆ ಸೀರೆಗಳ ಕೆಳಗೆ. ಇನ್ನೊಂದು ಪ್ರತಿ ನನ್ನ ಮನೆಯಲ್ಲಿದೆ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಎರಡನ್ನೂ ಹೊರತೆಗೆದು ಲ್ಯಾಪ್‌ಟಾಪಿಗೆ ಹಾಕುತ್ತೇವೆ. ತಟ್ಟೆ ತಿರುಗುವ ಸಣ್ಣ ಗುಂಯ್ ಸದ್ದಾಗುತ್ತದೆ, ಒಂದು ಗಳಿಗೆ ಕಾದರೆ ಅಮ್ಮನ ದನಿ ಕೇಳುತ್ತದೆ.